ಅಗ್ಗದ ಪೆಟ್ಟಿಗೆಯಲ್ಲಿ ಸಿಕ್ಕ ಅಹ್ಮದ್ ಬಾವ

ಕುದ್ರೋಳಿಯ ಜಯನಿಗೆ ಕುಡಿತವಿಲ್ಲ, ಬೀಡಿಯಿಲ್ಲ, ಕೋಳಿ ಅಂಕದ ಕಡೆ ತಲೆ ಹಾಕಿದವನೂ ಅಲ್ಲ. ಇದ್ದದ್ದು ಒಂದೇ ಚಟ. ಅದನ್ನು ಚಟವೆಂದು ಯಾರಾದರೂ ಕರೆದರೆ ಅವನ ಹೆಂಡತಿ ದೇಯಿಗೇ ನಗು ಬರುತ್ತಿತ್ತು. ಕ್ರಿಕೆಟ್ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳನ್ನು ಅವನು ಕೂಡಿಡುತ್ತಿದ್ದ.

ಅವನಿಗೆ ಕೆಲಸ ಮೀನಿನ ಬೋಟುಗಳು ನಿಲ್ಲುವ ಧಕ್ಕೆಯ ಹತ್ತಿರದ ಐಸ್ ಪ್ಲಾಂಟಿನಲ್ಲಿ. ಆಳೆತ್ತರದ ಮಂಜುಗಡ್ಡೆಗಳನ್ನು ಕೊಕ್ಕೆ ಹಾಕಿ ಎಳೆದು ಪುಡಿ ಮಾಡುವ ಯಂತ್ರದ ಬಾಯಿಗೆ ದೂಡಬೇಕು. ಬೋಟಿನವರು ಬುಟ್ಟಿ ಹಿಡಿದು ಅವಸರ ಮಾಡುತ್ತಿರುತ್ತಾರೆ. ಇಪ್ಪತ್ತೈದು ವರ್ಷಕ್ಕೂ ಮೇಲೆ ಇದನ್ನೇ ಮಾಡಿ ಅವನ ಬೆರಳ ತುದಿಗಳು ಮರಗಟ್ಟಿಹೋಗಿದ್ದವು. ಬಿಸಿ ಚಹಾದ ಗ್ಲಾಸು ಹಿಡಿದರೆ ಬಿಸಿ ತಿಳಿಯಲು ಸ್ವಲ್ಪ ಹೊತ್ತು ಬೇಕು. ಕಾರ್ಡಿನ ಅಂಚು ಮೊಂಡಾಗಿದೆಯೋ ಚೂಪಾಗಿದೆಯೋ ಎಂದು ಮುಟ್ಟಿ ಹೇಳುವುದು ಅವನಿಂದಾಗದು, ಕಣ್ಣಿನಲ್ಲೇ ನೋಡಬೇಕು.

ಕಾರ್ಡಿನ ಹುಚ್ಚು ಹಿಡಿದದ್ದು ಚಿಕ್ಕಂದಿನಲ್ಲಿ. ಆಗ ಬಬಲ್ ಗಮ್ ಜೊತೆ ಒಬ್ಬೊಬ್ಬ ಆಟಗಾರನ ಕಾರ್ಡು ಬರುತ್ತಿತ್ತು. ಬಂದರಿನಲ್ಲಿ ಮೂಟೆ ಹೊರುವ ಅಪ್ಪನ ಹತ್ತಿರ ಗಮ್ ಕೇಳುವ ಧೈರ್ಯ ಅವನಿಗಿರಲಿಲ್ಲ. ಗಮ್ ತಿಂದವರು ಎಸೆದು ಹೋದ ಕಾರ್ಡುಗಳನ್ನು ರಸ್ತೆ ಬದಿಯಲ್ಲಿ ಹೆಕ್ಕಿ, ಅಂಗಿಗೆ ಒರಸಿ, ತಲೆದಿಂಬಿನ ಕೆಳಗೆ ಇಟ್ಟುಕೊಂಡ. ಒಂದು ಮಳೆಗಾಲ ಹಂಚು ಸೋರಿ ಅಷ್ಟೂ ಕಾರ್ಡು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿತು. ಬಿಡಿಸಲು ಹೋದರೆ ಮುಖಗಳೇ ಕಿತ್ತು ಬಂದವು. ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಮರೆತ, ಅಥವಾ ಮರೆತೆನೆಂದು ತಿಳಿದುಕೊಂಡ.

ಮದುವೆಯಾಗಿ ಮಗಳು ತೃಪ್ತಿ ಹುಟ್ಟಿದ ಮೇಲೆ ಒಂದು ದಿನ ಯಾವುದೋ ಕೆಲಸಕ್ಕೆಂದು ಕೊಡಿಯಾಲ್‌ಬೈಲಿಗೆ ಹೋದವನಿಗೆ ಸಭಾಭವನವೊಂದರ ಗೇಟಿನಲ್ಲಿ ಬ್ಯಾನರು ಕಂಡಿತು. ಹಳೆಯ ನಾಣ್ಯ, ಅಂಚೆಚೀಟಿಗಳ ಪ್ರದರ್ಶನ ಮತ್ತು ಮಾರಾಟ. ಒಳಗೆ ಹೋದ. ಗಾಜಿನ ಪೆಟ್ಟಿಗೆಗಳ ಸಾಲು ದಾಟಿ ಹಿಂದಿನ ಮೂಲೆಗೆ ಬಂದರೆ, ಮೂರು ಮೇಜಿನ ತುಂಬ ಕಾರ್ಡುಗಳು. ಕ್ರಿಕೆಟ್, ಫುಟ್‌ಬಾಲ್, ವಿದೇಶದ ಕುಸ್ತಿಪಟುಗಳು. ಒಳ್ಳೆಯವು ಮೇಜಿನ ಮೇಲೆ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ. ಮೂಲೆ ಮುದುಡಿದವು, ಬಣ್ಣ ಹೋದವು, ಯಾರೂ ಕೇಳದವು ಮೇಜಿನ ಕೆಳಗೆ ಚಪ್ಪಲಿಯ ಖಾಲಿ ಪೆಟ್ಟಿಗೆಗಳಲ್ಲಿ. ಯಾವುದು ತೆಗೆದರೂ ಹತ್ತು ರೂಪಾಯಿ. ಜಯ ನೆಲಕ್ಕೆ ಕುಕ್ಕರಗಾಲಲ್ಲಿ ಕೂತ. ಅಂದಿನಿಂದ ಪ್ರತಿವರ್ಷ ಜನವರಿಯ ಆ ಪ್ರದರ್ಶನವನ್ನು ಅವನು ತಪ್ಪಿಸಿದ್ದಿಲ್ಲ. ಮೇಜಿನ ಮೇಲಿನದನ್ನು ಮುಟ್ಟುವವನಲ್ಲ. ಅವನ ಬೇಟೆಯೆಲ್ಲ ಮೇಜಿನ ಕೆಳಗೆ.

ಅಹ್ಮದ್ ಬಾವ ಸಿಕ್ಕಿದ್ದು ಅಲ್ಲಿಯೇ, ಎರಡನೆಯ ವರ್ಷ. ಒಂದೇ ಪೆಟ್ಟಿಗೆಗೆ ಎರಡು ಕೈ ಇಳಿದು ಒಂದೇ ಕಾರ್ಡಿನ ಎರಡು ತುದಿ ಹಿಡಿದವು. ಜಯ ತಲೆ ಎತ್ತಿದರೆ ಎದುರಿಗೆ ಬಿಳಿ ಟೊಪ್ಪಿಯ, ತನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡ ಮನುಷ್ಯ.

"ನೀವು ತಗೊಳ್ಳಿ," ಎಂದ ಜಯ.

"ಇದು ಬೌಲರ್‌ದ್ದು ಮಾರಾಯ, ನನಗೆ ಎಂತಕೆ? ನನಗೆ ವಿಕೆಟ್ ಕೀಪರ್ ಮಾತ್ರ ಬೇಕು," ಎಂದು ಬಾವ ಕೈ ಬಿಟ್ಟರು.

ತೊಕ್ಕೊಟ್ಟಿನ ಒಂದು ಬಟ್ಟೆ ಅಂಗಡಿಯಲ್ಲಿ ಅವರು ಸೇಲ್ಸ್‌ಮ್ಯಾನ್. ಹರೆಯದಲ್ಲಿ ಊರಿನ ಟೀಮಿಗೆ ಕೀಪಿಂಗ್ ಮಾಡುತ್ತಿದ್ದರಂತೆ. "ಬೌಲರ್ ಓಡಿ ಬರುದನ್ನು ಎಲ್ಲರೂ ನೋಡ್ತಾರೆ. ಹಿಂದೆ ಕುಕ್ಕರಗಾಲಲ್ಲಿ ಕೂತವನನ್ನು ಯಾರು ನೋಡ್ತಾರೆ ಹೇಳು?" ಎಂದು ಕೇಳಿ, ತಾವೇ ನಕ್ಕು, ತಾವು ಕೂತಿದ್ದ ಭಂಗಿಯನ್ನೇ ತೋರಿಸಿದ್ದರು.

ಆ ವರ್ಷದಿಂದ ಅವರಿಬ್ಬರದೂ ಜೋಡಿ ಬೇಟೆ. ಜಯ ಅವರನ್ನು ಬಾವಾಕ ಎಂದು ಕರೆಯತೊಡಗಿದ. ಬಾವಾಕನಿಗೆ ಬೌಲರ್ ಸಿಕ್ಕರೆ ಜಯನ ಕಡೆ ತಳ್ಳುತ್ತಿದ್ದರು, ಜಯನಿಗೆ ಕೀಪರ್ ಸಿಕ್ಕರೆ ಅವರ ಮಡಿಲಿಗೆ. ಮಧ್ಯಾಹ್ನ ಎದುರಿನ ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತ ಸಿಕ್ಕಿದ್ದನ್ನೆಲ್ಲ ಮೇಜಿನ ಮೇಲೆ ಹರಡುವುದು, ಈ ಮನುಷ್ಯ ಆಗ ಹೇಗೆ ಆಡಿದ್ದ, ಯಾವ ಕ್ಯಾಚ್ ಬಿಟ್ಟ ಎಂದು ತುಳುವಿನಲ್ಲಿ ವಾದಿಸುವುದು. ಬಾವಾಕನ ಕಾರ್ಡುಗಳನ್ನು ನೂರರ ನಡುವೆ ಇಟ್ಟರೂ ಗುರುತು ಹಿಡಿಯಬಹುದಿತ್ತು. ಹೊಸ ಅಂಗಿಗಳು ಬರುವ ತೆಳು ಪ್ಲಾಸ್ಟಿಕ್ ಕವರನ್ನು ಅಂಗಡಿಯಿಂದ ತಂದು, ಕಾರ್ಡಿನ ಅಳತೆಗೆ ಕತ್ತರಿಸಿ, ಮೂರು ಅಂಚನ್ನು ಮೇಣದಬತ್ತಿಯ ಉರಿಗೆ ತೋರಿಸಿ ಅಂಟಿಸುತ್ತಿದ್ದರು. ಅಂಚಿನುದ್ದಕ್ಕೂ ಸಣ್ಣ ಸಣ್ಣ ಕಂದು ಮಣಿಗಳು ನಿಲ್ಲುತ್ತಿದ್ದವು.

ಇಷ್ಟು ವರ್ಷದ ಸ್ನೇಹದಲ್ಲಿ ಒಬ್ಬರ ಮನೆಯನ್ನು ಇನ್ನೊಬ್ಬರು ನೋಡಿದವರಲ್ಲ. ಕುದ್ರೋಳಿಗೂ ತೊಕ್ಕೊಟ್ಟಿಗೂ ನಡುವೆ ಎಷ್ಟು ದೂರ? ಬಸ್ಸು ಹತ್ತಿದರೆ ನೇತ್ರಾವತಿಯ ಸೇತುವೆ ದಾಟಿ ಇಳಿಯುವುದೇ. ಆದರೂ ಹೋಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪ್ರದರ್ಶನಕ್ಕೆ ವಾರವಿದೆ ಎನ್ನುವಾಗ ಬಾವಾಕನ ಫೋನು ಬರುತ್ತಿತ್ತು. "ಬರ್ತಿಯಲ್ಲ?" "ಬರ್ತೇನೆ ಬಾವಾಕ." ಅಷ್ಟೇ ಮಾತು.

ಹೋದ ವರ್ಷದ ಪ್ರದರ್ಶನದಲ್ಲಿ ಬಾವಾಕ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದರು. ತೆಳ್ಳಗಾಗಿದ್ದರು. ಚಹಾಕ್ಕೆ ಸಕ್ಕರೆ ಬಿಟ್ಟು ಬಹಳ ವರ್ಷವಾಗಿತ್ತು, ಈಗ ಗೋಳಿಬಜೆಯೂ ಬೇಡವೆಂದರು. ಪೆಟ್ಟಿಗೆಯ ಮುಂದೆ ಕೂತು ಕಾರ್ಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಆಮೇಲೆ ಜಯನ ಕಡೆ ಚಾಚಿದರು.

"ಇದು ಯಾರು ನೋಡು?"

"ಲೈಟು ಸರಿ ಇಲ್ಲ ಇಲ್ಲಿ," ಎಂದು ಜಯ ಹೆಸರು ಓದಿ ಹೇಳಿದ. ಅವನ ಗಮನ ತನ್ನ ಪೆಟ್ಟಿಗೆಯ ಮೇಲಿತ್ತು. ಆ ಬೆಳಿಗ್ಗೆ ಹಾಗೆ ಎಷ್ಟೋ ಕಾರ್ಡುಗಳನ್ನು ಅವರು ಅವನ ಕೈಗೆ ಕೊಟ್ಟರು. ಅವನು ಓದಿ ಓದಿ ಹಿಂದೆ ಕೊಟ್ಟ. ವಿಚಿತ್ರವೆನಿಸಲೇ ಇಲ್ಲ. ಹೊರಡುವಾಗ ಬಾವಾಕ ಅವನ ಭುಜದ ಮೇಲೆ ಕೈಯಿಟ್ಟು ಮೆಟ್ಟಿಲಿಳಿದರು. ಕೈ ತೆಗೆಯದೆಯೇ ಹೇಳಿದರು:

"ಒಂದು ಆದಿತ್ಯವಾರ ಮನೆಗೆ ಬಾ ಮಾರಾಯ. ನನ್ನ ಕಾರ್ಡೆಲ್ಲ ಒಟ್ಟಿಗೆ ಕೂತು ನೋಡುವ."

"ಬರ್ತೇನೆ ಬಾವಾಕ."

ಮುಂದೆ ಆದಿತ್ಯವಾರಗಳು ಬಂದವು, ಹೋದವು. ಪ್ಲಾಂಟಿನಲ್ಲಿ ರಜೆ ಹಾಕಿದವನ ಪಾಳಿ ಜಯನಿಗೆ ಬಿತ್ತು. ತೃಪ್ತಿಗೆ ಗಂಡು ನೋಡುವ ಓಡಾಟ ಶುರುವಾಯಿತು. ಮಳೆಗಾಲದಲ್ಲಿ ಬೋಟುಗಳು ನಿಂತಾಗ ಒಮ್ಮೆ ನೆನಪಾಯಿತು, ಆದರೆ ಆ ದಿನ ಮಳೆ ಜೋರಿತ್ತು.

ಈ ಜನವರಿಯಲ್ಲಿ ಬಾವಾಕನ ಫೋನು ಬರಲಿಲ್ಲ. ಜಯನೇ ಮಾಡಿದ. ಸ್ವಿಚ್ ಆಫ್. ನಂಬರು ಬದಲಾಗಿರಬೇಕೆಂದುಕೊಂಡ. ಹೇಗೂ ಅಲ್ಲಿಗೆ ಬರುತ್ತಾರಲ್ಲ.

ಬೆಳಿಗ್ಗೆಯೇ ಹೋಗಿ ಗೇಟಿನ ಬಳಿ ಸ್ವಲ್ಪ ಹೊತ್ತು ಕಾದ. ಜನ ಸೇರತೊಡಗಿದಾಗ, ತಡ ಮಾಡಿದರೆ ಬೇರೆಯವರು ಪೆಟ್ಟಿಗೆ ಬಗೆದುಬಿಡುತ್ತಾರೆಂದು ಒಳಗೆ ನಡೆದ. ಹಿಂದಿನ ಮೂಲೆಯ ಮೇಜು ವಿನಿಫ್ರೆಡ್ ಬಾಯಮ್ಮನದು. ಗಂಡ ಅಂಚೆಚೀಟಿ ವ್ಯಾಪಾರ ಮಾಡುತ್ತಿದ್ದವರು. ಅವರು ಹೋದ ಮೇಲೂ ಆಕೆ ಅದೇ ಮೇಜಿಗೆ ಅದೇ ನೀಲಿ ಬಟ್ಟೆ ಹಾಸಿ ಕೂರುತ್ತಿದ್ದರು.

"ಬಂದ್ರಾ ಜಯಣ್ಣ? ಕೆಳಗೆ ಹೊಸ ಮಾಲು ಉಂಟು. ಈ ಸಲ ಒಳ್ಳೆದುಂಟು," ಎಂದರು.

ಜಯ ಕುಕ್ಕರಗಾಲಲ್ಲಿ ಕೂತ. ಮೊದಲ ಪೆಟ್ಟಿಗೆಯಲ್ಲಿ ಎಂದಿನ ಕಸ. ಎರಡನೆಯದರ ಮುಚ್ಚಳ ತೆಗೆದಾಗ ಮೇಲಿನ ಕಾರ್ಡು ಒಬ್ಬ ವಿಕೆಟ್ ಕೀಪರನದು. ಬಾವಾಕನಿಗೆ ಆಗುತ್ತದೆಂದು ಎತ್ತಿ ಪಕ್ಕಕ್ಕಿಟ್ಟ. ಅದರ ಕೆಳಗಿನದೂ ಕೀಪರನದೇ. ಅದರ ಕೆಳಗಿನದೂ. ಖುಷಿಯಿಂದ ಇನ್ನೂ ನಾಲ್ಕೈದು ತೆಗೆದ ಮೇಲೆಯೇ ಅವನಿಗೆ ಪ್ಲಾಸ್ಟಿಕ್ ಕವರು ಕಂಡದ್ದು. ಒಂದನ್ನು ಬೆಳಕಿಗೆ ಹಿಡಿದ. ಅಂಚಿನುದ್ದಕ್ಕೂ ಕಂದು ಮಣಿಗಳು.

ಪೆಟ್ಟಿಗೆಯನ್ನು ಬಗ್ಗಿಸಿ ನೋಡಿದ. ತಳದವರೆಗೂ ಅವೇ. ಕೆಲವನ್ನು ಅವನೇ ಹೆಕ್ಕಿ ಬಾವಾಕನ ಮಡಿಲಿಗೆ ಹಾಕಿದ್ದ. ಯಾವುದು ಯಾವ ವರ್ಷದ್ದೆಂದು ಹೇಳಬಲ್ಲವನಾಗಿದ್ದ.

"ಬಾಯಮ್ಮ, ಇದು ಎಲ್ಲಿಂದ ಸಿಕ್ಕಿತು ನಿಮಗೆ?"

"ತೊಕ್ಕೊಟ್ಟಿನ ಗುಜರಿಯವ ತಂದುಕೊಟ್ಟದ್ದು. ಬಿಸ್ಕೆಟ್ ಡಬ್ಬದಲ್ಲಿ ತುಂಬಿಸಿ ಇಟ್ಟಿದ್ರಂತೆ. ಯಾಕೆ?"

"ಮಾರಿದ್ದು ಯಾರಂತೆ?"

"ಯಾವುದೋ ಮನೆಯ ಹೆಂಗಸು. ಯಜಮಾನರು ತೀರಿಕೊಂಡರಂತೆ, ಅವರ ಹಳೆ ಸಾಮಾನೆಲ್ಲ ಕೊಡ್ತಾ ಇದ್ರಂತೆ." ಅಷ್ಟು ಹೇಳಿ ಬಾಯಮ್ಮ ಅವನ ಮುಖ ನೋಡಿದರು. ಆಕೆಗೂ ನೆನಪಾಯಿತು. "ಅಯ್ಯೋ ದೇವರೇ. ಆ ಟೊಪ್ಪಿಯವರದ್ದಾ? ನಿಮ್ಮೊಟ್ಟಿಗೆ ಬರ್ತಿದ್ದವರು?"

ಜಯ ಕಾರ್ಡುಗಳನ್ನು ಹಿಂದೆ ಪೆಟ್ಟಿಗೆಗೆ ಹಾಕತೊಡಗಿದ. ಅವನ ಪಕ್ಕದಲ್ಲಿ ಯಾರೋ ಕೂತು ಅದೇ ಪೆಟ್ಟಿಗೆಗೆ ಕೈ ಹಾಕಿದರು. ಕಾಲೇಜಿನ ಹುಡುಗರಿರಬೇಕು. ಒಬ್ಬ ಒಂದು ಕಾರ್ಡು ತೆಗೆದು, ಕವರನ್ನು ಉಗುರಿನಿಂದ ಹರಿಯಲು ನೋಡಿದ.

"ಹರಿಬೇಡಿ!" ಜಯನ ಧ್ವನಿ ಎಷ್ಟು ಜೋರಾಯಿತೆಂದರೆ ಪಕ್ಕದ ಮೇಜಿನವರೂ ತಿರುಗಿ ನೋಡಿದರು. ಅವನಿಗೆ ನಾಚಿಕೆಯಾಯಿತು. "ಅದು ನಾನು ತಗೊಂಡಾಯ್ತು. ಎಲ್ಲವೂ," ಎಂದು ಮೆಲ್ಲಗೆ ಹೇಳಿದ.

ವಿನಿಫ್ರೆಡ್ ಬಾಯಮ್ಮ ಲೆಕ್ಕ ಮಾಡಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡು, ಪೆಟ್ಟಿಗೆಗೆ ತಾವೇ ಹಗ್ಗ ಕಟ್ಟಿಕೊಟ್ಟರು. ಜಯ ಕ್ಯಾಂಟೀನಿಗೆ ಹೋಗಿ ಎಂದಿನ ಜಾಗದಲ್ಲಿ ಕೂತ. ಅಭ್ಯಾಸಬಲದಿಂದ ಎರಡು ಚಹಾ ಹೇಳಿಬಿಟ್ಟ, ಒಂದು ಸಕ್ಕರೆಯಿಲ್ಲದ್ದು. ಜಯ ಅದನ್ನೂ ಕುಡಿದ. ಕಹಿ ತಿಳಿಯಲಿಲ್ಲ.

ಮುಂದಿನ ಆದಿತ್ಯವಾರ ಅವನು ತೊಕ್ಕೊಟ್ಟಿಗೆ ಬಸ್ಸು ಹತ್ತಿದ. ಕಾರ್ಡುಗಳನ್ನು ಒಂದು ಬಟ್ಟೆ ಚೀಲಕ್ಕೆ ಹಾಕಿ ಬಾಯಿಗೆ ಹಗ್ಗ ಕಟ್ಟಿಕೊಂಡಿದ್ದ. ಮನೆಯವರಿಗೆ ಅವುಗಳ ಬೆಲೆ ತಿಳಿಯದೆ ಗುಜರಿಗೆ ಹೋಗಿರಬೇಕು, ಹಿಂದೆ ಕೊಟ್ಟುಬಿಡಬೇಕು ಎಂಬುದು ಅವನ ಲೆಕ್ಕ. ಜಂಕ್ಷನ್ನಿನ ಬಟ್ಟೆ ಅಂಗಡಿಯಲ್ಲಿ ವಿಚಾರಿಸಿದ. ಅಲ್ಲಿಯವರು ದಾರಿ ಹೇಳಿದರು. ಮೀನು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಅವನನ್ನು ಕಂಡು ಸೆರಗು ತಲೆಯ ಮೇಲೆ ಎಳೆದುಕೊಂಡರು. ಬಾವಾಕನ ಹೆಂಡತಿ ಮುನೀರಾ.

"ನಾನು ಜಯ ಅಂತ. ಕುದ್ರೋಳಿಯಿಂದ. ಬಾವಾಕ ನನ್ನ..." ಮುಂದೆ ಯಾವ ಪದ ಹಾಕಬೇಕೆಂದು ಅವನಿಗೆ ತೋಚಲಿಲ್ಲ.

ಮುನೀರಾ ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ನಿಂತರು. "ಐಸ್ ಪ್ಲಾಂಟಿನ ಜಯ?"

"ಹೌದು."

"ಈಗ ಬಂದ್ರಾ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಯನಿಗೆ ಸುಲಭವಾಗುತ್ತಿತ್ತು. ಆಕೆ ಒಳಗೆ ಕರೆದು ಕೂರಿಸಿದರು. ನೀರು ತಂದಿಟ್ಟರು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ತಾವೂ ಕೂತು ಹೇಳತೊಡಗಿದರು.

"ಶುಗರ್ ಕಣ್ಣಿಗೆ ಬಂದಿತ್ತು ಅಣ್ಣ. ಇಂಜೆಕ್ಷನ್ ಎಲ್ಲ ಕೊಟ್ಟು ನೋಡಿದ್ರು. ಹೋದ ವರ್ಷ ನಿಮ್ಮ ಆ ಕಾರ್ಡಿನದ್ದಕ್ಕೆ ಹೋಗುವಾಗಲೇ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ನೆರಳು ಮಾತ್ರ. ಬೇಡ ಹೇಳಿದೆ. ಜಯ ಇರ್ತಾನೆ, ಅವನು ನೋಡಿಕೊಳ್ತಾನೆ ಅಂತ ಹೇಳಿ ಹೋದ್ರು."

ಜಯ ಲೋಟ ಕೆಳಗಿಟ್ಟ. "ನನಗೆ ಹೇಳಲೇ ಇಲ್ಲ ಅವರು."

"ಹೇಳುವ ಜನ ಅಲ್ಲ ಅವರು. ಆಮೇಲೆ ಆ ನೆರಳೂ ಹೋಯ್ತು. ದಿನ ಇಡೀ ಆ ಡಬ್ಬ ಮಡಿಲಲ್ಲಿ ಇಟ್ಟುಕೊಂಡು ಕೂತುಕೊಳ್ಳುದು. ಮುಟ್ಟಿ ನೋಡುದು. ಪ್ರತಿ ಆದಿತ್ಯವಾರ ಅಂಗಿ ಬದಲಾಯಿಸಿ ಜಗಲಿಯಲ್ಲಿ ಕೂತಿರ್ತಿದ್ರು. ಜಯ ಬಂದರೂ ಬಂದ, ಅವನು ಬಂದ್ರೆ ಓದಿ ಹೇಳ್ತಾನೆ ಅಂತ. ನಾನು ಫೋನ್ ಮಾಡಿ ಕೊಡ್ತೇನೆ ಅಂದ್ರೆ ಬಿಡಲಿಲ್ಲ. ಬೇಡ, ಕೆಲಸದ ಮನುಷ್ಯ, ಅವನಾಗಿಯೇ ಬರ್ತಾನೆ ಅಂದ್ರು."

ಓಣಿಯಲ್ಲಿ ಒಂದು ರಿಕ್ಷಾ ಹೋಯಿತು. ಜಯ ಬಾಗಿಲಾಚೆಯ ಜಗಲಿಯನ್ನು ನೋಡಿದ.

"ಕೊನೆಗೆ ನಾನೇ ಓದಲಿಕ್ಕೆ ಕೂತೆ," ಎಂದರು ಮುನೀರಾ. "ನಾನು ಏಳನೇ ಕ್ಲಾಸು. ಇಂಗ್ಲಿಷು ಕೂಡಿಸಿ ಕೂಡಿಸಿ ಓದಬೇಕು. ಹೆಸರೆಲ್ಲ ತಪ್ಪುತ್ತಿತ್ತು. ಅವರು ನಗ್ತಿದ್ರು. ಅದು ಹಾಗಲ್ಲ ಮುನೀರಾ, ಹೀಗೆ ಅಂತ. ಮತ್ತೆ ಕಾರ್ಡಿನ ಹಿಂದೆ ಬರೆದದ್ದನ್ನು ನಾನು ಓದುವ ಮೊದಲೇ ಹೇಳ್ತಿದ್ರು. ಇಷ್ಟು ಕ್ಯಾಚು, ಇಷ್ಟು ಸ್ಟಂಪಿಂಗು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರು ಅಷ್ಟು ಮಾತಾಡಿದ್ದು ಆಗಲೇ ಅಣ್ಣ. ಮಳೆ ಶುರುವಾಗುವಾಗ ಕಿಡ್ನಿಗೆ ಬಂತು. ಹೆಚ್ಚು ದಿನ ಇರಲಿಲ್ಲ."

ಜಯ ಚೀಲದ ಬಾಯಿ ಬಿಚ್ಚಿದ. ಹೇಳಲು ಬಂದದ್ದನ್ನು ಕೈ ತಾನೇ ಮಾಡಿತು. ಮೊದಲ ಕಟ್ಟು ಹೊರಗೆ ಬಂದಾಗ ಮುನೀರಾ ಎದ್ದು ನಿಂತರು. ಹತ್ತಿರ ಬಂದು ಮೇಲಿನ ಕಾರ್ಡಿನ ಅಂಚಿನ ಮೇಲೆ ಬೆರಳು ಎಳೆದರು.

"ಮೇಣದಬತ್ತಿಗೆ ಹಿಡಿಯುವಾಗ ಬೆರಳು ಸುಟ್ಟುಕೊಳ್ತಿದ್ರು. ಬೈದರೂ ಕೇಳ್ತಿರಲಿಲ್ಲ," ಎಂದರು. ಆಮೇಲೆ ಕೈ ಹಿಂದೆ ತೆಗೆದುಕೊಂಡರು. "ಇದನ್ನು ಇಲ್ಲಿಗೆ ಯಾಕೆ ತಂದ್ರಿ?"

"ನಿಮಗೆ ಗೊತ್ತಿಲ್ಲದೆ ಗುಜರಿಗೆ ಹೋಯ್ತೇನೋ ಅಂತ..."

"ಗೊತ್ತಿದ್ದೇ ಕೊಟ್ಟದ್ದು," ಎಂದರು ಮುನೀರಾ. "ಓದಿ ಓದಿ ನನಗೆ ಬಾಯಿಪಾಠ ಆಗಿ ಹೋಗಿದೆ ಅಣ್ಣ. ಅಕ್ಕಿ ತೊಳೆಯುವಾಗ ಆ ಹೆಸರು ಬರ್ತದೆ. ನಮಾಜಿಗೆ ನಿಂತಾಗಲೂ ಬರ್ತದೆ. ಯಾವುದೋ ದೇಶದವರು, ನಾನು ಕಾಣದ ಜನ. ಡಬ್ಬ ನೋಡಿದ ಕೂಡಲೇ ಅವರು ಮುಂದಿನದ್ದು ಓದು ಅಂದ ಹಾಗೆ ಆಗ್ತದೆ. ಮಗಳು ಸಫಾ ಇಟ್ಟುಕೋ ಅಮ್ಮ ಅಂದಳು. ನನ್ನಿಂದ ಆಗಲಿಲ್ಲ. ತಪ್ಪಾಯ್ತಾ?"

"ಇಲ್ಲ ಅಕ್ಕ. ತಪ್ಪಾಗಲಿಲ್ಲ," ಎಂದ ಜಯ. ಕಟ್ಟನ್ನು ಹಿಂದೆ ಚೀಲಕ್ಕೆ ಹಾಕಿದ. ಮರಗಟ್ಟಿದ ಬೆರಳುಗಳಿಗೆ ಹಗ್ಗದ ಗಂಟು ಸಿಗದೆ ತಡವಾಯಿತು. ಅವನು ಒದ್ದಾಡುವುದನ್ನು ನೋಡಿ ಮುನೀರಾ ಚೀಲವನ್ನು ತಾವೇ ತೆಗೆದುಕೊಂಡು ಕಟ್ಟಿದರು.

"ನಿಮ್ಮ ಹತ್ತಿರ ಇರಲಿ. ಅಲ್ಲಿ ಮಾರುವ ಪೆಟ್ಟಿಗೆಯಲ್ಲಿ ಬೇಡ, ಇಲ್ಲಿಯೂ ಬೇಡ," ಎಂದರು.

ಅವನು ಹೊರಡಲು ಎದ್ದ. ಆಕೆ ಬಾಗಿಲಿನಲ್ಲಿ ನಿಂತೇ ಇದ್ದರು, ದಾರಿ ಬಿಡಲಿಲ್ಲ.

"ಅಲ್ಲಿ ಅವರು ಹೇಗಿರ್ತಿದ್ರು? ಮಾತಾಡ್ತಿದ್ರಾ?"

"ಯಾರು, ಬಾವಾಕನಾ? ಬಾಯಿ ಮುಚ್ಚಿದ್ದೇ ಇಲ್ಲ."

"ಹೌದಾ?" ಮುನೀರಾ ನಂಬಲಾರದವರಂತೆ ನೋಡಿದರು. "ಇಲ್ಲಿ ಅಂಗಡಿಯಿಂದ ಬಂದ್ರೆ ಸುಸ್ತು. ಊಟ, ನಿದ್ದೆ. ನಗುವ ಜನ ಅಂತ ನನಗೆ ಗೊತ್ತಾದ್ದು ಕಣ್ಣು ಹೋದ ಮೇಲೆ."

ಜಯ ಮತ್ತೆ ಕೂತ. ಪೆಟ್ಟಿಗೆಯ ಮುಂದೆ ಬಾವಾಕ ಕೀಪರನಂತೆ ಕುಕ್ಕರಗಾಲಲ್ಲಿ ಕೂರುತ್ತಿದ್ದುದನ್ನು ಹೇಳಿದ. ಒಮ್ಮೆ ಕೂತವರು ಏಳಲಾಗದೆ ಮೇಜಿನ ಬಟ್ಟೆ ಹಿಡಿದೆಳೆದು, ವಿನಿಫ್ರೆಡ್ ಬಾಯಮ್ಮನ ಅಂಚೆಚೀಟಿಗಳೆಲ್ಲ ಅವರ ಟೊಪ್ಪಿಯ ಮೇಲೆ ಉದುರಿದ್ದನ್ನು ಹೇಳಿದ. ಮೂವತ್ತು ವರ್ಷದ ಹಿಂದೆ ತಾವು ಬಿಟ್ಟ ಒಂದು ಕ್ಯಾಚಿಗಾಗಿ ಕ್ಯಾಂಟೀನಿನಲ್ಲಿ ಕೂತು ಅವರು ನಿಜವಾಗಿಯೂ ಬೇಸರಪಟ್ಟುಕೊಂಡದ್ದನ್ನೂ ಹೇಳಿದ. ಮುನೀರಾ ನಕ್ಕರು, ನಗುತ್ತ ಸೆರಗಿನಿಂದ ಕಣ್ಣೊರಸಿಕೊಂಡರು, ಇನ್ನೂ ಹೇಳಿ ಅಂದರು. ಅವನು ನೆನಪಾದದ್ದನ್ನೆಲ್ಲ ಹೇಳಿದ. ಒಂದು ಮಾತ್ರ ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಅವರು ಭುಜದ ಮೇಲಿಟ್ಟ ಕೈ ಪ್ರೀತಿಯದೆಂದಷ್ಟೇ ತಾನು ತಿಳಿದಿದ್ದೆ ಎಂಬುದನ್ನು.

ಪಕ್ಕದ ಮನೆಯವರೊಬ್ಬರು ಅವನನ್ನು ಮಸೀದಿಯ ಹಿಂದಿನ ಕಬರಸ್ಥಾನಕ್ಕೆ ಕರೆದುಕೊಂಡು ಹೋದರು. ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಕಲ್ಲು. ಮಣ್ಣು ಇನ್ನೂ ಅಕ್ಕಪಕ್ಕದವುಗಳಷ್ಟು ಕೂತಿರಲಿಲ್ಲ. ಇಲ್ಲಿ ಕೈ ಮುಗಿಯಬಹುದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಚೀಲವನ್ನು ಎದೆಗೆ ಒತ್ತಿ ಹಿಡಿದು ನಿಂತ. ಕರೆದುಕೊಂಡು ಬಂದವರು ಸ್ವಲ್ಪ ದೂರ ಹೋಗಿ ಕಾದರು.

ಮನೆಗೆ ಬರುವಾಗ ದೇಯಿ ಮೀನು ತೊಳೆಯುತ್ತಿದ್ದಳು. ಚೀಲ ನೋಡಿ, "ಮತ್ತೆ ಕಾರ್ಡಾ?" ಎಂದಳು. ಅವನು ಹೋಗಿ ಹಿತ್ತಲ ಮೆಟ್ಟಿಲಲ್ಲಿ ಕೂತದ್ದು ನೋಡಿ ಕೈ ತೊಳೆದು ಬಂದು ಪಕ್ಕದಲ್ಲಿ ನಿಂತಳು. ಜಯ ಹೇಳಿದ. ಮೊದಲ ಕಾರ್ಡಿನಿಂದ ಶುರುಮಾಡಿ ಕಬರಿನವರೆಗೆ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ದೇಯಿ ಕೇಳಿರಲಿಲ್ಲ. ಬಾವಾಕ ಎಂಬ ಹೆಸರನ್ನೂ ಅವಳು ಕೇಳಿದ್ದು ಅಂದೇ.

"ಇಷ್ಟು ವರ್ಷ ಇಷ್ಟು ದೋಸ್ತಿ ಇದ್ದವರನ್ನು ಒಂದು ದಿನ ಮನೆಗೆ ಊಟಕ್ಕೆ ಕರೀಲಿಲ್ಲ ಅಲ್ವಾ ನೀವು?" ಎಂದು ಕೇಳಿದಳು.

ಜಯ ಚೀಲದ ಗಂಟನ್ನು ನೋಡುತ್ತ ಕೂತ. ಮುನೀರಾ ಬಿಗಿಯಾಗಿ ಕಟ್ಟಿದ್ದರು.

"ಇಲ್ಲ," ಎಂದ. "ಕರೀಲಿಲ್ಲ."